ಮದ್ದಿನ ಅಳತೆ, ನಳಿಗೆಯ ಒಪ್ಪಿಗೆ

ಮದ್ದು ಹೆಚ್ಚಿದಷ್ಟೂ ಗುರಿ ಹೆಚ್ಚುವುದೆಂಬ ನಂಬಿಕೆ ಹಳೆಯದು. ಅದು ಸುಳ್ಳೆಂಬುದಕ್ಕೆ ಸಾಕ್ಷಿಯೂ ಅಷ್ಟೇ ಹಳೆಯದು! ಬಾಯಿಯಿಂದ ತುಂಬುವ ರೈಫಲಿಗೆ ಒಗ್ಗುವ ಈಡನ್ನು ಐದೈದು ಗ್ರೇನಿನ ಹೆಜ್ಜೆಯಲ್ಲಿ ಹುಡುಕುವವರ ಮೈದಾನ, ಮ್ಯಾಂಚೆಸ್ಟರಿನ 500 ಗಜದ ಪರೀಕ್ಷಾಶಾಲೆ, ನಮ್ಮ ಹಲಗಲಿ ಮತ್ತು ಕೊಡಗು: ಒಂದು ಚಿಟಿಕೆ ಕರಿಮದ್ದಿನ ದೀರ್ಘ ಕಥೆ.

ಸೆಪ್ಟೆಂಬರ್ ತಿಂಗಳ ಬೆಳಗು. ಅಮೆರಿಕದ ಇಂಡಿಯಾನಾ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ ಫ್ರೆಂಡ್‌ಶಿಪ್ ಎಂಬೊಂದು ಕಿರುಗ್ರಾಮವುಂಟು. ಅಲ್ಲಿನ ಗುಂಡಿನ ಮೈದಾನದಲ್ಲಿ ಆಗತಾನೆ ಸಿಡಿದ ಕೋವಿಯಿಂದ ಹೊರಟ ಬೆಳ್ಳನೆಯ ಹೊಗೆ, ಗಾಳಿಯ ಸುಳಿವಿಲ್ಲದ ಕಣಿವೆಯಲ್ಲಿ ಮೇಲಕ್ಕೂ ಏರದೆ ಆಚೆಗೂ ಸರಿಯದೆ, ಗಂಧಕದ ಕಟುವಾಸನೆಯೊಡನೆ ನಿಂತಲ್ಲೇ ನಿಂತಿದೆ. ಗುಂಡು ಎಲ್ಲಿ ತಾಕಿತೆಂಬುದು ಹಾರಿಸಿದವನಿಗೇ ಕಾಣದು. ಹೊಗೆ ಕರಗುವ ತನಕ ಅವನು ಕಾಯಲೇಬೇಕು.

ಹೊಗೆ ಕರಗಿದ ಮೇಲೆ ಅವನು ದುರ್ಬೀನಿನಲ್ಲಿ ಗುರಿಯ ಕಾಗದವನ್ನು ನೋಡಿ, ಪಕ್ಕದ ಪುಸ್ತಕದಲ್ಲಿ ಒಂದು ಗುರುತು ಹಾಕುತ್ತಾನೆ. ಅನಂತರ ತೇವದ ಬಟ್ಟೆಯ ಚೂರನ್ನು ಕೋಲಿನ ತುದಿಗೆ ಸಿಕ್ಕಿಸಿ ನಳಿಗೆಯ ಬುಡದವರೆಗೆ ಒಮ್ಮೆ ಇಳಿಸಿ ತೆಗೆಯುತ್ತಾನೆ. ಒಣಬಟ್ಟೆಯಿಂದ ಇನ್ನೊಮ್ಮೆ ಒರಸುತ್ತಾನೆ. ಮದ್ದಿನ ಕೊಂಬಿನಿಂದ ಹಿತ್ತಾಳೆಯ ಅಳತೆಗೊಳವೆಗೆ ಕರಿಮದ್ದನ್ನು ಸುರಿದು, ಕೊಳವೆಯ ಮೈಯನ್ನು ಬೆರಳಿನಿಂದ ತಟ್ಟಿ, ಅಂಚಿನ ಮೇಲೆ ಉಳಿದ ಕಾಳುಗಳನ್ನು ಸವರಿ ಬೀಳಿಸಿ, ಕೋವಿಯ ಬಾಯಿಗೆ ಎರೆಯುತ್ತಾನೆ. ಕೊಬ್ಬು ಸವರಿದ ಬಟ್ಟೆಯ ಬಿಲ್ಲೆ, ಅದರ ಮೇಲೆ ಸೀಸದ ಗುಂಡು. ಎರಡನ್ನೂ ಒಟ್ಟಿಗೆ ಕೋಲಿನಿಂದ ಮದ್ದಿನ ಮೇಲೆ ಕೂರುವವರೆಗೆ ಇಳಿಸಿ, ಕೋಲಿನ ಮೇಲೆ ಕೊರೆದ ಗೆರೆ ಕೋವಿಯ ಬಾಯಿಗೆ ಸರಿಯಾಗಿ ನಿಂತುದನ್ನು ಕಂಡ ಮೇಲೆಯೇ ಅವನು ಕೇಪನ್ನು ಇಡುವನು.

1933ರಲ್ಲಿ ಸ್ಥಾಪಿತವಾದ ಅಮೆರಿಕದ ರಾಷ್ಟ್ರೀಯ ಮಝಲ್‌ ಲೋಡಿಂಗ್‌ ರೈಫಲ್‌ ಸಂಘದ ನೆಲೆ ಇದೇ ಫ್ರೆಂಡ್‌ಶಿಪ್. ವರ್ಷಕ್ಕೆರಡು ಬಾರಿ, ಬೇಸಗೆಯ ಮೊದಲಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ಹಳೆಯ ಮಾದರಿಯ ಕೋವಿಗಳನ್ನು ಹೊತ್ತವರು ಇಲ್ಲಿ ಸೇರುತ್ತಾರೆ. ಇದೇ ಸೆಪ್ಟೆಂಬರಿನ ಆರಂಭದಲ್ಲಿ ನಮ್ಮ ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ನಡೆಯುತ್ತದೆ. ನಾಟಿಯ ಕೆಲಸ ಮುಗಿಸಿ, ಕೋವಿಗಳನ್ನು ತಿಕ್ಕಿ ತೊಳೆದು, ತೋಕ್‌ ಪೂ ಎಂಬ ಕೋವಿಹೂವನ್ನು ನಳಿಗೆಯ ತುದಿಗೆ ಮುಡಿಸಿ ಪೂಜೆಗಿಡುವ ದಿನ ಅದು. ಸಮುದ್ರಗಳಾಚೆಯ ಆ ಮೈದಾನಕ್ಕೂ ಕೊಡಗಿನ ಆ ಕೋಣೆಗೂ ಸಂಬಂಧವೇನೆಂದು ಕೇಳುವ ಓದುಗರಿಗೆ ಉತ್ತರ ಮುಂದೆ ದೊರೆಯುವುದು.

ಒಂದು ನಳಿಗೆ, ಒಂದು ಈಡು

ಈಗಿನ ತೋಟಾ ಕೋವಿಯಲ್ಲಿ ಮದ್ದು, ಗುಂಡು, ಕೇಪು ಮೂರೂ ಕಾರ್ಖಾನೆಯಲ್ಲಿಯೇ ಒಂದಾಗಿ ಬರುವುದರಿಂದ, ಹೊಡೆಯುವವನು ನಿರ್ಣಯಿಸಬೇಕಾದುದು ಬಹುಮಟ್ಟಿಗೆ ಗುರಿಯೊಂದನ್ನೇ. ಬಾಯಿಯಿಂದ ತುಂಬುವ ಕೋವಿಯಲ್ಲಾದರೋ ಪ್ರತಿಯೊಂದು ಈಡನ್ನೂ ಅವನೇ ರಚಿಸಬೇಕು: ಮದ್ದಿನ ಪ್ರಮಾಣ, ಅದರ ಕಾಳಿನ ಗಾತ್ರ, ಗುಂಡಿನ ವ್ಯಾಸ, ಬಿಲ್ಲೆಯ ದಪ್ಪ, ಅದಕ್ಕೆ ಸವರಿದ ಜಿಡ್ಡು, ಕೋಲಿನ ಒತ್ತಡ. ಇವುಗಳಲ್ಲಿ ಯಾವುದೊಂದು ವ್ಯತ್ಯಾಸವಾದರೂ ಕಾಗದದ ಮೇಲಿನ ತೂತು ಸ್ಥಳ ಬದಲಿಸುತ್ತದೆ.

ಒಂದೇ ಕಮ್ಮಟದಲ್ಲಿ, ಒಂದೇ ಕಬ್ಬಿಣದಿಂದ, ಒಂದೇ ಕೈ ತಯಾರಿಸಿದ ಎರಡು ನಳಿಗೆಗಳು ಸಹ ಒಂದೇ ಈಡನ್ನು ಮೆಚ್ಚುವುದಿಲ್ಲ. ಆದುದರಿಂದಲೇ ಪರೀಕ್ಷೆಯ ಮೊದಲ ನಿಯಮವು ಒಮ್ಮೆಗೆ ಒಂದೇ ಒಂದು ಅಂಶವನ್ನು ಬದಲಿಸತಕ್ಕದ್ದು, ಉಳಿದುದೆಲ್ಲವನ್ನೂ ಇದ್ದಂತೆಯೇ ಇಡತಕ್ಕದ್ದು ಎಂಬುದು. ಗುಂಡನ್ನೂ ಮದ್ದನ್ನೂ ಒಟ್ಟಿಗೆ ಬದಲಿಸಿದವನು ಸಂಜೆಯವರೆಗೆ ಹಾರಿಸಿದರೂ ಒಂದು ವಿಷಯವನ್ನೂ ನಿಶ್ಚಯವಾಗಿ ಅರಿಯಲಾರ.

ಕ್ರಮ ಇಂತಿದೆ. ಅರ್ಧ ಅಂಗುಲದ ನಳಿಗೆಗೆ 0.490 ಅಂಗುಲದ ಗುಂಡನ್ನು ಆರಿಸಿಕೊಂಡು, ಅಂತಹ ಗುಂಡುಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕುವರು. ಎರಕದಲ್ಲಿ ಗಾಳಿಗುಳ್ಳೆ ಉಳಿದ ಗುಂಡು ಹಗುರವಾಗಿರುವುದರಿಂದ ಅದನ್ನು ಮತ್ತೆ ಕರಗಿಸಲು ಎತ್ತಿಡುವರು. ಕೈಯ ನಡುಕ ಲೆಕ್ಕಕ್ಕೆ ಬಾರದಂತೆ ಕೋವಿಯನ್ನು ಮರಳಿನ ಚೀಲದ ಮೇಲೊರಗಿಸಿ, 50 ಗಜದ ದೂರದಲ್ಲಿ ಕಾಗದವನ್ನು ನಿಲ್ಲಿಸಿ, 50 ಗ್ರೇನು ಮದ್ದಿನಿಂದ ಪ್ರಾರಂಭಿಸಿ ಐದು ಗುಂಡು ಹಾರಿಸುವರು. ಅನಂತರ ಹೊಸ ಕಾಗದ, 55 ಗ್ರೇನು, ಮತ್ತೆ ಐದು ಗುಂಡು. ಹೀಗೆಯೇ 60, 65, 70. ನಳಿಗೆಯ ತಯಾರಕನು ವಿಧಿಸಿದ ಮಿತಿಯನ್ನು ಮಾತ್ರ ಮೀರುವಂತಿಲ್ಲ.

ಸಾಮಾನ್ಯವಾಗಿ ಕಾಣುವುದಾದರೂ ಏನು? ಮೊದಮೊದಲು ಅಂಗೈಯಗಲ ಚದರಿದ ತೂತುಗಳು ಮದ್ದು ಏರಿದಂತೆ ಒಂದರ ಬಳಿಗೊಂದು ಸರಿಯುತ್ತ ಬಂದು, ಯಾವುದೋ ಒಂದು ಅಳತೆಯಲ್ಲಿ ಪರಸ್ಪರ ತಾಕುವಷ್ಟು ಹತ್ತಿರವಾಗುತ್ತವೆ. ಆ ಅಳತೆಯನ್ನು ದಾಟಿ ಇನ್ನೂ ಹತ್ತು ಗ್ರೇನು ಸುರಿದರೆ ಮತ್ತೆ ಚದರುತ್ತವೆ. ಈ ಇಳಿತ ಏರಿಕೆಗಳ ನಡುವೆ ಅಡಗಿರುವ ಆ ಒಂದು ಅಳತೆಯೇ ಆ ನಳಿಗೆಯ ಈಡು. ಶಬ್ದವನ್ನು ನಂಬಿಯೋ ಭುಜಕ್ಕೆ ಬಿದ್ದ ಒದೆತವನ್ನು ನಂಬಿಯೋ ಅದನ್ನು ಊಹಿಸುವುದು ಅಸಾಧ್ಯ, ಕಾಗದವನ್ನೇ ಕೇಳಬೇಕು.

> ಅಳತೆಯ ಲೆಕ್ಕ
> 7,000 ಗ್ರೇನು ಸೇರಿದರೆ ಒಂದು ಪೌಂಡು. 70 ಗ್ರೇನೆಂದರೆ ಸುಮಾರು ನಾಲ್ಕೂವರೆ ಗ್ರಾಮು. 0.490 ಅಂಗುಲ ವ್ಯಾಸದ ಸೀಸದ ಗುಂಡಿನ ತೂಕ ಸುಮಾರು 177 ಗ್ರೇನು, ಅಂದರೆ ಹನ್ನೊಂದೂವರೆ ಗ್ರಾಮು. ಕಾಳಿನ ಗಾತ್ರವನ್ನು ‘ಎಫ್’ ಅಕ್ಷರಗಳಿಂದ ಗುರುತಿಸುವರು. ಅಕ್ಷರ ಹೆಚ್ಚಿದಷ್ಟೂ ಕಾಳು ಸಣ್ಣದು, ಉರಿಯುವ ವೇಗ ಹೆಚ್ಚು.

ಹಿಂದಿನ ಬೇಟೆಗಾರರಲ್ಲಿ ಸುಲಭೋಪಾಯಗಳೂ ಇದ್ದುವು. ಗುಂಡನ್ನು ಅಂಗೈಯಲ್ಲಿಟ್ಟು ಅದು ಮರೆಯಾಗುವವರೆಗೆ ಮೇಲೆ ಮದ್ದು ಸುರಿದು, ಅಷ್ಟನ್ನೇ ಈಡೆಂದು ಕರೆಯುವುದು ಒಂದು. ಕೋವಿಯ ಸದ್ದು ಮಂದ್ರದಿಂದ ಚಾಟಿಯ ಬಿರುಸಿಗೆ ತಿರುಗುವವರೆಗೆ ಮದ್ದನ್ನು ಏರಿಸುತ್ತ ಹೋಗುವುದು ಇನ್ನೊಂದು. ಎರಡನೆಯದರಲ್ಲಿ ಒಂದಂಶ ಸತ್ಯವುಂಟು, ಏಕೆಂದರೆ ಗುಂಡು ಶಬ್ದದ ವೇಗವನ್ನು ದಾಟಿದಾಗ ಆ ಬಿರುಸು ಹುಟ್ಟುತ್ತದೆ. ಆದರೆ ಅಂಗೈಗಳು ಒಂದೇ ಅಗಲದವಲ್ಲ, ಕಿವಿಗಳು ಒಂದೇ ಸೂಕ್ಷ್ಮತೆಯವಲ್ಲ. ಅಡವಿಯಲ್ಲಿ ಮೂವತ್ತು ಹೆಜ್ಜೆಯ ದೂರಕ್ಕೆ ಅವು ಸಾಕಾಗಿದ್ದಿರಬಹುದು, ಮೈದಾನದಲ್ಲಿ ಸಾಲವು.

ಹುಲ್ಲಿನಲ್ಲಿ ಬಿದ್ದ ಸಾಕ್ಷಿ

ಈ ವಿದ್ಯೆಯಲ್ಲಿ ನನ್ನ ಮನಸ್ಸನ್ನು ಅತ್ಯಂತ ಸೆಳೆದ ಅಂಶವೊಂದಿದೆ. ಗುಂಡು ಹಾರಿಸಿದವನು ಕಾಗದವನ್ನು ನೋಡಿ ತೃಪ್ತನಾಗದೆ, ಮೈದಾನ ನಿಶ್ಶಬ್ದವಾಗಿ ಮುಂದೆ ಹೋಗಲು ಅಪ್ಪಣೆಯಾದೊಡನೆ, ಕೋವಿಯ ಮುಂದಿನ ಹತ್ತಾರು ಹೆಜ್ಜೆಗಳ ಹುಲ್ಲಿನಲ್ಲಿ ಬಾಗಿ ಏನನ್ನೋ ಅರಸುತ್ತಾನೆ. ಅವನು ಅರಸುವುದು ಸುಟ್ಟು ಬಿದ್ದ ಬಟ್ಟೆಯ ಬಿಲ್ಲೆಗಳನ್ನು.

ಬಿಲ್ಲೆಯ ಕೆಲಸ ಅಲ್ಪವೆಂದು ಭಾವಿಸಬಾರದು. ರೈಫಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ. ಹೊರಡುವ ಗುಂಡಿಗೆ ಬುಗುರಿಯ ತಿರುಗನ್ನು ಕೊಟ್ಟು ಅದನ್ನು ನೇರವಾಗಿ ಕಳುಹಿಸುವುದು ಅವೇ. ಆದರೆ ಗುಂಡು ನಳಿಗೆಗಿಂತ ಕಿರಿದು. ಅದಕ್ಕೂ ತೋಡುಗಳಿಗೂ ನಡುವೆ ಬಿಗಿಯಾಗಿ ನಿಂತು, ಬೆಂಕಿಯನ್ನು ಹಿಂದೆಯೇ ತಡೆದು, ತೋಡಿನ ತಿರುವನ್ನು ಗುಂಡಿಗೆ ಒಪ್ಪಿಸಿ, ಬಾಯಿಯಿಂದ ಹೊರಬಿದ್ದೊಡನೆ ಕಳಚಿಕೊಳ್ಳುವುದು ಈ ಹತ್ತಿಬಟ್ಟೆಯ ತುಂಡು. ಮಿಲಿಮೀಟರಿನ ಮೂರರಲ್ಲೊಂದು ಪಾಲಿನಷ್ಟು ದಪ್ಪವುಳ್ಳ ಆ ಬಟ್ಟೆಯ ಮೇಲೆ ಇಡೀ ಪ್ರಯೋಗ ನಿಂತಿದೆ.

ಅನುಭವಿಯು ಅದನ್ನು ಅಂಗೈ ಮೇಲೆ ಹರಡಿ ನೋಡುವ ಪರಿಯೇ ಬೇರೆ. ನಡುವೆ ಗುಂಡು ಕುಳಿತಿದ್ದ ಮಚ್ಚೆ, ಸುತ್ತ ತೋಡುಗಳು ಒತ್ತಿದ ಗೆರೆಗಳು, ಅಂಚಿನಲ್ಲಿ ಸ್ವಲ್ಪ ಎಳೆ ಬಿಟ್ಟಿದ್ದರೂ ಬಟ್ಟೆ ಇಡಿಯಾಗಿ ಉಳಿದಿದ್ದರೆ, ಈಡು ಸರಿಯಾದ ಹಾದಿಯಲ್ಲಿದೆಯೆಂದರ್ಥ. ನಡುವೆಯೇ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಇಲ್ಲವೆ ಜಿಡ್ಡು ಸಾಲದಾಯಿತು, ಇಲ್ಲವೆ ಮದ್ದು ಮಿತಿಮೀರಿತು. ಸುಟ್ಟಿರದೆ ಗೆರೆಯುದ್ದಕ್ಕೆ ಕತ್ತರಿಸಿದಂತಿದ್ದರೆ ದೋಷ ನಳಿಗೆಯದು: ಹೊಸ ತೋಡುಗಳ ಏಣು ಇನ್ನೂ ಚೂಪಾಗಿದೆ, ಅಥವಾ ಬಾಯಿಯ ಅಂಚು ಹರಿತವಾಗಿದೆ. ಅದನ್ನು ನಯಗೊಳಿಸದೆ ಮದ್ದನ್ನು ಎಷ್ಟು ಬದಲಿಸಿದರೂ ಫಲವಿಲ್ಲ.

ಜಿಡ್ಡಿನ ವಿಚಾರದಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಕುರಿಯ ಕೊಬ್ಬು, ಜೇನುಮೇಣ, ಆಲಿವ್ ಎಣ್ಣೆ, ಕಡೆಗೆ ಬಾಯಿಯ ಎಂಜಲು ಸಹ ಬಳಕೆಯಲ್ಲುಂಟು. ಖನಿಜತೈಲದ ಜಿಡ್ಡು ಮಾತ್ರ ಕರಿಮದ್ದಿನೊಡನೆ ಸೇರಿ ಗಟ್ಟಿಯಾದ ಕೀಲಿನಂತಹ ಮಸಿಯನ್ನು ಕಟ್ಟುವುದೆಂದು ಬಲ್ಲವರು ದೂರವಿಡುತ್ತಾರೆ. ಮಸಿಯ ಪೀಡೆ ಕರಿಮದ್ದಿಗೆ ಹುಟ್ಟಿನಿಂದಲೇ ಬಂದುದು. ಪೆಟ್ಲುಪ್ಪು, ಗಂಧಕ, ಇದ್ದಲುಗಳ ಈ ಮಿಶ್ರಣ ಉರಿದಾಗ ಅದರ ತೂಕದಲ್ಲಿ ಅರ್ಧಕ್ಕೂ ಮಿಗಿಲಾದ ಪಾಲು ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಹೊಗೆಯಾಗಿ ಕಾಣುವುದೂ, ನಳಿಗೆಯ ಒಳಮೈಗೆ ಅಂಟುವುದೂ ಅದೇ. ಒರಸದೆ ಹಾರಿಸುತ್ತ ಹೋದರೆ ಐದನೆಯ ಗುಂಡು ಮೊದಲನೆಯದಕ್ಕಿಂತ ಕಿರಿದಾದ ನಳಿಗೆಯಲ್ಲಿ ಹೊರಟಂತಾಗುವುದು. ಒಣಹವೆಯಲ್ಲಿ ಆ ಮಸಿ ಗಡಸಾಗುತ್ತದೆ, ತೇವದಲ್ಲಿ ಮೆತ್ತಗಾಗುತ್ತದೆ. ಆದಕಾರಣ ಹವೆಯನ್ನೂ ಪುಸ್ತಕದಲ್ಲಿ ಬರೆದಿಡುವರು.

ಹೆಚ್ಚು ಮದ್ದು ಏಕೆ ಸಲ್ಲದು? ಅಳತೆ ಮೀರಿದಾಗ ಬಿಲ್ಲೆ ಸುಡುತ್ತದೆ. ಗುಂಡು ತೋಡಿನ ತಿರುವನ್ನು ಅನುಸರಿಸದೆ ಜಾರುತ್ತದೆ. ಒದೆತದಿಂದ ಹೊಡೆಯುವವನ ಭುಜ ಮುಂಚಿತವಾಗಿಯೇ ಅಳುಕುತ್ತದೆ. ಇಷ್ಟು ತೆತ್ತು ಪಡೆದ ವೇಗವಾದರೂ ಉಳಿಯುವುದೇ ಎಂದರೆ ಅದೂ ಇಲ್ಲ. ಗೋಲಾಕಾರವು ಗಾಳಿಯನ್ನು ಸೀಳಲು ಬಲು ಅನುಚಿತವಾದ ಆಕಾರ. ಹೊರಟ ಮೊದಲ ನೂರು ಗಜಗಳಲ್ಲಿಯೇ ಗುಂಡಿನ ವೇಗದ ಮೂರರಲ್ಲೊಂದು ಪಾಲಿಗೂ ಮಿಗಿಲಾದುದನ್ನು ಗಾಳಿ ಕಸಿದುಕೊಳ್ಳುತ್ತದೆ, ಮತ್ತು ವೇಗ ಹೆಚ್ಚಿದ್ದಷ್ಟೂ ಹೆಚ್ಚಾಗಿ ಕಸಿಯುತ್ತದೆ.

ತೂಗಾಡುವ ಮರದ ದಿಮ್ಮಿ

ಗಾಳಿಯ ಈ ಪ್ರತಾಪವನ್ನು ಮೊತ್ತಮೊದಲು ಅಳೆದು ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞ. 1742ರಲ್ಲಿ ಪ್ರಕಟವಾದ ಅವನ ‘ನ್ಯೂ ಪ್ರಿನ್ಸಿಪಲ್ಸ್ ಆಫ್ ಗನ್ನರಿ’ ಗ್ರಂಥದಲ್ಲಿ ವರ್ಣಿತವಾದ ಯಂತ್ರ ಅತಿ ಸರಳವಾದುದು: ತೂಗುಹಾಕಿದ ಭಾರವಾದ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ತೂಗಿತೆಂಬುದನ್ನು ಅದಕ್ಕೆ ಕಟ್ಟಿದ ಪಟ್ಟಿಯಿಂದ ಅಳೆದು, ಗುಂಡಿನ ವೇಗವನ್ನು ಗಣಿಸುವುದು. ಮದ್ದಿನ ಪ್ರಮಾಣ ಬದಲಾದಂತೆ ವೇಗ ಹೇಗೆ ಬದಲಾಗುವುದೆಂಬ ಪ್ರಶ್ನೆಗೆ ಊಹೆಯ ಸ್ಥಾನದಲ್ಲಿ ಅಂಕೆ ಬಂದು ಕುಳಿತುದು ಆಗ. ಮಹಾಗಣಿತಜ್ಞ ಆಯ್ಲರನು ಆ ಗ್ರಂಥವನ್ನು ಸ್ವಂತ ಟಿಪ್ಪಣಿಗಳೊಡನೆ ಜರ್ಮನ್ ಭಾಷೆಗೆ ತಂದನು.

1747ರಲ್ಲಿ ರಾಬಿನ್ಸನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಸುರುಳಿತೋಡಿನ ನಳಿಗೆಗಳ ಶ್ರೇಷ್ಠತೆಯನ್ನು ಪ್ರತಿಪಾದಿಸಿದನು. ಅವನ ಅಂತ್ಯವಾದುದು ನಮ್ಮ ದಕ್ಷಿಣದೇಶದಲ್ಲಿ ಎಂಬುದು ಅನೇಕರಿಗೆ ತಿಳಿಯದು. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸಲು ಬಂದ ಆತ, 1751ರ ಜುಲೈ ತಿಂಗಳಲ್ಲಿ, ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ವಿಟ್‌ವರ್ಥನ ಕಾಗದದ ತೆರೆಗಳು

ಒಂದು ಶತಮಾನದ ತರುವಾಯ ಇದೇ ಪರೀಕ್ಷೆಯನ್ನು ಹಿಂದೆ ಯಾರೂ ಕಾಣದ ಪ್ರಮಾಣದಲ್ಲಿ ಕೈಗೊಂಡವನು ಜೋಸೆಫ್ ವಿಟ್‌ವರ್ಥ್. ತಿರುಪುಮೊಳೆಗಳ ಸುತ್ತುಗಳಿಗೆ ಒಂದೇ ಪ್ರಮಾಣವನ್ನು ನಿಗದಿಮಾಡಿದ, ಅಂಗುಲದ ದಶಲಕ್ಷಾಂಶವನ್ನು ಅಳೆಯಬಲ್ಲ ಯಂತ್ರವನ್ನು ನಿರ್ಮಿಸಿದ ಯಂತ್ರಶಿಲ್ಪಿ ಆತ. 1854ರಲ್ಲಿ ಬ್ರಿಟಿಷ್ ಸರ್ಕಾರ ರೈಫಲ್ ತಯಾರಿಕೆಯ ಯಂತ್ರಗಳ ಬಗ್ಗೆ ಅವನ ನೆರವನ್ನು ಬೇಡಿದಾಗ, ಒಳ್ಳೆಯ ರೈಫಲ್ ಎಂಬುದು ಯಾವ ಗುಣಗಳಿಂದ ಒಳ್ಳೆಯದಾಗುವುದೆಂಬುದನ್ನು ಮೊದಲು ತಿಳಿಯದೆ ಯಂತ್ರವನ್ನು ರಚಿಸುವುದೆಂತು ಎಂದು ಅವನು ಕೇಳಿದನು. ಆ ಪ್ರಶ್ನೆಗಾಗಿಯೇ ಅವನು ನನಗೆ ಪೂಜ್ಯನಾಗಿ ತೋರುತ್ತಾನೆ.

ಮ್ಯಾಂಚೆಸ್ಟರಿನ ಹೊರವಲಯದ ರಷೋಮ್‌ನಲ್ಲಿ, ತನ್ನ ಮನೆಯ ಬಳಿಯ ಭೂಮಿಯಲ್ಲಿ, 500 ಗಜ ಉದ್ದದ ಮುಚ್ಚಿದ ಪರೀಕ್ಷಾಶಾಲೆಯೊಂದು ಎದ್ದಿತು. ಗಾಳಿಮಳೆಗಳ ಉಪದ್ರವವಿಲ್ಲದೆ ನಳಿಗೆ ಮತ್ತು ಈಡುಗಳ ಗುಣವೊಂದನ್ನೇ ಪರೀಕ್ಷಿಸುವುದು ಅದರ ಉದ್ದೇಶ. ಕಟ್ಟಿದ ಸ್ವಲ್ಪಕಾಲದಲ್ಲಿಯೇ ಬಿರುಗಾಳಿಗೆ ಸಿಕ್ಕಿ ಅದು ಕುಸಿಯಿತು. ಮತ್ತೆ ಕಟ್ಟಿಸಿ, 1855ರಲ್ಲಿ ಪ್ರಯೋಗಗಳನ್ನು ಆರಂಭಿಸಿದನು. ಗುಂಡಿನ ಹಾದಿಯುದ್ದಕ್ಕೂ ತೆಳುಕಾಗದದ ತೆರೆಗಳನ್ನು ಇಳಿಬಿಟ್ಟು, ಅವುಗಳಲ್ಲಿ ಬಿದ್ದ ತೂತುಗಳ ಸಾಲಿನಿಂದ ಗುಂಡು ಎಲ್ಲಿ ಏರಿತು, ಎಲ್ಲಿ ಇಳಿಯಿತು, ನೆಟ್ಟಗೆ ಹೋಯಿತೋ ಮಗುಚಿಕೊಂಡಿತೋ ಎಂಬುದನ್ನು ಓದಿಕೊಂಡನು.

ವ್ಯಾಸ, ತಿರುವು, ಗುಂಡಿನ ಉದ್ದ, ಮದ್ದಿನ ಪ್ರಮಾಣ ಇವೆಲ್ಲವನ್ನೂ ಹೀಗೆ ಶೋಧಿಸಿ ಅವನು ತಲುಪಿದ ನಿರ್ಣಯ ವಿಲಕ್ಷಣವಾದುದು: 0.451 ಅಂಗುಲದ, ಆರು ಮುಖಗಳುಳ್ಳ ನಳಿಗೆ. 20 ಅಂಗುಲಕ್ಕೊಂದು ಪೂರ್ಣ ಸುತ್ತು. 530 ಗ್ರೇನು ತೂಕದ ಉದ್ದನೆಯ ಗುಂಡು. ಆಗ ಸೈನ್ಯದಲ್ಲಿದ್ದ ಎನ್‌ಫೀಲ್ಡ್ ರೈಫಲಿನ ಗುಂಡೂ ಅಷ್ಟೇ ತೂಕದ್ದು. ಆದರೆ ನಳಿಗೆ 0.577 ಅಂಗುಲ, ಒಂದು ಸುತ್ತಿಗೆ 78 ಅಂಗುಲ. 1857ರಲ್ಲಿ ಇಂಗ್ಲೆಂಡಿನ ಹೈತ್ ಎಂಬಲ್ಲಿ ಎರಡನ್ನೂ ಎದುರಿಟ್ಟು ನೋಡಿದಾಗ, 500 ಗಜದಲ್ಲಿ ಎನ್‌ಫೀಲ್ಡಿನ ಸರಾಸರಿ ತಪ್ಪು ಎರಡೂಕಾಲು ಅಡಿಯಷ್ಟಾದರೆ ವಿಟ್‌ವರ್ಥಿನದು ಐದು ಅಂಗುಲದೊಳಗೆ ನಿಂತಿತು. 1,400 ಗಜದಲ್ಲಿ ಒಂದು ಇನ್ನೂ ಗುರಿಯನ್ನು ತಾಕುತ್ತಿತ್ತು, ಇನ್ನೊಂದು ತಾಕಲೇ ಇಲ್ಲ.

1860ರ ಜುಲೈಯಲ್ಲಿ ವಿಂಬಲ್ಡನ್ನಿನ ಮೈದಾನದಲ್ಲಿ ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಪಂದ್ಯವನ್ನು ಆರಂಭಿಸಿದವಳು ವಿಕ್ಟೋರಿಯಾ ರಾಣಿ. ಚೌಕಟ್ಟಿನ ಮೇಲೆ ಬಿಗಿದಿಟ್ಟ ವಿಟ್‌ವರ್ಥ್ ರೈಫಲಿನ ದಾರವನ್ನು ಆಕೆ ಎಳೆದಾಗ, 400 ಗಜದಾಚೆ ಗುಂಡು ಕೇಂದ್ರದಿಂದ ಒಂದೂವರೆ ಅಂಗುಲದೊಳಗೆ ಬಿದ್ದಿತು. ಇಷ್ಟಾದರೂ ಸೈನ್ಯ ಅದನ್ನು ತನ್ನ ಸಾಮಾನ್ಯ ಆಯುಧವಾಗಿ ಸ್ವೀಕರಿಸಲಿಲ್ಲ. ಬೆಲೆ ಹೆಚ್ಚು, ಮೇಲಾಗಿ ಸಣ್ಣ ನಳಿಗೆಯಲ್ಲಿ ಮಸಿ ಬೇಗನೆ ಕಟ್ಟುತ್ತಿತ್ತು.

> ಹದಿಮೂರು ಗುಂಡು, ಮೂವತ್ತು ನಿಮಿಷ
> ಬಾಯಿಯಿಂದ ತುಂಬುವ ಕೋವಿಗಳಿಗೆ ಇಂದಿಗೂ ವಿಶ್ವಚಾಂಪಿಯನ್‌ಶಿಪ್ ನಡೆಯುತ್ತದೆ. ನಿಯಮ ಸರಳ: ಅರ್ಧಗಂಟೆಯೊಳಗೆ 13 ಗುಂಡು ಹಾರಿಸಬಹುದು, ಅವುಗಳಲ್ಲಿ ಉತ್ತಮವಾದ 10 ಮಾತ್ರ ಲೆಕ್ಕಕ್ಕೆ. ಪಂದ್ಯಗಳಲ್ಲಿ ಒಂದಕ್ಕೆ ವಿಟ್‌ವರ್ಥನ ಹೆಸರೇ ಇದೆ.

ಕಾಗದದಲ್ಲಿ ಸುತ್ತಿದ ಈಡು

ಸೈನಿಕನಿಗೆ ಐದೈದು ಗ್ರೇನಿನ ಪರೀಕ್ಷೆಗೆ ವ್ಯವಧಾನವೆಲ್ಲಿ? ಅವನಿಗಾಗಿ ಮದ್ದನ್ನೂ ಗುಂಡನ್ನೂ ಮೊದಲೇ ಅಳೆದು ಕಾಗದದಲ್ಲಿ ಸುತ್ತಿ, ಜಿಡ್ಡು ಸವರಿ ಕೊಡುತ್ತಿದ್ದರು. ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ಸುರಿಯಬೇಕಾಗಿತ್ತು. ಎನ್‌ಫೀಲ್ಡಿನ ಆ ತೋಟೆಗಳ ಮೇಲಿನ ಕೊಬ್ಬು ದನದ್ದೆಂದೂ ಹಂದಿಯದೆಂದೂ 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್‌ನಲ್ಲಿ ಎದ್ದ ಮಾತು ಏಪ್ರಿಲಿನಲ್ಲಿ ಮೀರತ್ತನ್ನು ಮುಟ್ಟಿ, ಅಲ್ಲಿ 85 ಮಂದಿ ಸವಾರರು ತೋಟೆಯನ್ನು ನಿರಾಕರಿಸಿದರು. ಮೇ 10ರಂದು ದಂಗೆ ಸಿಡಿಯಿತು. ಮೈದಾನದಲ್ಲಿ ಜಿಡ್ಡು ಬಿಲ್ಲೆಯ ಸೂಕ್ಷ್ಮವೊಂದು ಮಾತ್ರ. ಇಲ್ಲಿ ಅದು ಕೋಟ್ಯಂತರ ಜನರ ಶ್ರದ್ಧೆಯ ಪ್ರಶ್ನೆಯಾಯಿತು, ಅದನ್ನು ಕೇಳುವ ವಿವೇಕ ಆಳುವವರಿಗಿರಲಿಲ್ಲ.

ಅದರ ಬಿಸಿ ಕನ್ನಡನಾಡಿಗೂ ತಾಕಿತು. ಜನರ ಕೈಯಿಂದ ಆಯುಧಗಳನ್ನು ತೆಗೆಯುವ ಕಾನೂನು ಅದೇ ವರ್ಷ ಬಂದಾಗ, ಮುಧೋಳ ಸೀಮೆಯ ಹಲಗಲಿಯ ಬೇಡರು ಅದಕ್ಕೆ ತಲೆಬಾಗಲಿಲ್ಲ. ನವೆಂಬರಿನಲ್ಲಿ ಕಂಪನಿಯ ಪಡೆ ಊರಿಗೆ ಬೆಂಕಿಯಿಟ್ಟಿತು. ಬೇಡರ ಆ ಕಡೆಯ ಕಾಳಗವನ್ನು ಲಾವಣಿಕಾರರು ಹಾಡಿದರು. ಫ್ಲೀಟ್ ಎಂಬ ಅಧಿಕಾರಿ ಅದನ್ನು ಸಂಗ್ರಹಿಸಿ ಅಚ್ಚಿಗೆ ತಂದನು.

ನಾಲ್ಕು ವರ್ಷಗಳಾಗುವಷ್ಟರಲ್ಲಿ ಬ್ರಿಟಿಷ್ ಸರ್ಕಾರವೇ ಕೊಡವರಿಗೂ ಕೊಡಗಿನ ವಂಶಪಾರಂಪರ್ಯವಾದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಆ ಕಾನೂನಿನಿಂದ ವಿನಾಯಿತಿಯನ್ನಿತ್ತಿತು. 1861ರ ಆ ವಿನಾಯಿತಿ ಸ್ವತಂತ್ರ ಭಾರತದಲ್ಲಿಯೂ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಲ್ಪಟ್ಟಿದೆ. ಕೋವಿಯನ್ನು ಕಳೆದುಕೊಳ್ಳಲೊಲ್ಲದೆ ಹಲಗಲಿ ಸುಟ್ಟುಹೋಯಿತು. ಕೊಡಗಿನಲ್ಲಿ ಕೋವಿ ದೇವರ ಮುಂದೆ ಉಳಿಯಿತು. ಗಂಡುಮಗು ಹುಟ್ಟಿದಾಗ ಒಂದು ಈಡು, ಮನೆಯಲ್ಲಿ ಸಾವಾದಾಗ ಎರಡು ಈಡು, ಸುಗ್ಗಿಹಬ್ಬವಾದ ಪುತ್ತರಿಯ ಕದಿರು ಕೊಯ್ಯುವಾಗ ಮತ್ತೊಂದು: ಕೋವಿಯ ಸದ್ದು ಅಲ್ಲಿ ಊರಿಗೆ ತಲುಪಿಸುವ ಸುದ್ದಿ.

> ಒಂದೇ ಕೋವಿಯಲ್ಲಿ 23 ಈಡು
> ಅಮೆರಿಕದ ಅಂತರ್ಯುದ್ಧದಲ್ಲಿ ನಡೆದ 1863ರ ಗೆಟಿಸ್‌ಬರ್ಗ್ ಯುದ್ಧಾನಂತರ ರಣರಂಗದಲ್ಲಿ ದೊರೆತ ಸಾವಿರಾರು ಕೋವಿಗಳಲ್ಲಿ ಒಂದರ ಮೇಲೊಂದು ಎರಡು, ಮೂರು ಈಡುಗಳು ತುಂಬಿದ್ದುವು, ಒಂದರಲ್ಲಿ 23. ಗಾಬರಿಯಲ್ಲಿ, ಹಿಂದಿನ ಈಡು ಹಾರಿತೋ ಇಲ್ಲವೋ ಎಂಬುದೂ ತಿಳಿಯದೆ, ತುಂಬುತ್ತಲೇ ಹೋಗಿದ್ದರು. ಕೋಲಿನ ಮೇಲಿನ ಗೆರೆ ತಪ್ಪಿಸುವುದು ಈ ಅನಾಹುತವನ್ನೇ.

ಎಚ್ಚರದ ಮಾತುಗಳನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುವುದು ಲೇಸು. ಕರಿಮದ್ದಿಗಾಗಿ ತಯಾರಾದ ನಳಿಗೆಗೆ ಹೊಗೆಯಿಲ್ಲದ ಆಧುನಿಕ ಮದ್ದನ್ನು ಎಂದೆಂದಿಗೂ ಹಾಕಕೂಡದು. ಅದರ ಒತ್ತಡಕ್ಕೆ ನಳಿಗೆ ಬಿರಿಯುವುದು. ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಕೂಡದು; ಹಿಂದಿನ ಈಡಿನ ಕಿಡಿಯೊಂದು ಒಳಗೆ ಉಳಿದಿದ್ದರೆ ಇಡೀ ಕೊಂಬೇ ಕೈಯಲ್ಲಿ ಸಿಡಿಯುವುದು. ಗುಂಡು ಮದ್ದಿನ ಮೇಲೆ ಪೂರ್ತಿ ಕೂತಿರಬೇಕು. ನಡುವೆ ಅಂತರ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಸಂಜೆ ಬಿಸಿನೀರಿನಿಂದ ತೊಳೆದು, ಒರಸಿ, ಎಣ್ಣೆ ಕೊಡದೆ ಮಲಗಿದವನ ಕೋವಿಯನ್ನು ಮಸಿಯೊಳಗಿನ ಲವಣಗಳು ರಾತ್ರೋರಾತ್ರಿ ತುಕ್ಕಿಗೆ ಒಪ್ಪಿಸುವುವು.

ಕೈಲ್‌ಪೊಳ್ದಿನ ತೆಂಗಿನಕಾಯಿ ಪಂದ್ಯಗಳಲ್ಲಿ ಈಗ ಸದ್ದುಮಾಡುವುದು .22 ರೈಫಲು, 12 ಬೋರಿನ ಕೋವಿ. ಆದರೂ ಕೊಡಗು ಮಲೆನಾಡುಗಳ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಗೋಡೆಯ ಮೇಲಿದೆ, ಅದಕ್ಕೆಷ್ಟು ಮದ್ದು ಎಂಬುದು ಯಾರೋ ಒಬ್ಬ ಹಿರಿಯರ ನೆನಪಿನಲ್ಲಷ್ಟೇ ಇದೆ. ಆ ನೆನಪನ್ನು ಈ ಹಬ್ಬದಲ್ಲಿ ಕಾಗದಕ್ಕಿಳಿಸಿಕೊಳ್ಳಬೇಕೆಂದು ನಾನು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ: ನಳಿಗೆಯ ಉದ್ದ ಮತ್ತು ವ್ಯಾಸ, ಮದ್ದಿನ ಅಳತೆ, ಬಳಸುತ್ತಿದ್ದುದು ಗುಂಡೋ ಚರೆಯೋ, ಎಷ್ಟು ದೂರಕ್ಕೆ ಸರಿಬರುತ್ತಿತ್ತು ಎಂಬುದು. ಹಾರಿಸುವ ಆಸೆಯಿರುವವರು ಅದಕ್ಕೆ ಮುನ್ನ ಬಲ್ಲ ಕೋವಿಕೆಲಸದವನ ಕೈಯಲ್ಲಿ ನಳಿಗೆಯ ಬುಡವನ್ನು ಬಿಚ್ಚಿಸಿ, ಒಳಗೆ ಹಳೆಯ ಈಡು ಉಳಿದಿಲ್ಲವೆಂಬುದನ್ನೂ ತುಕ್ಕು ಗುಳಿ ತೋಡಿಲ್ಲವೆಂಬುದನ್ನೂ ನೋಡಿಸಲಿ.